ರೋಬೋಟ್ ತರುವ ಮೊದಲು ಖಾನೆಗೊಂದು ವಿಳಾಸ ಕೊಡಿ

ಗೋದಾಮಿನಲ್ಲಿ ಯಂತ್ರ, ಸೆನ್ಸರ್, ಸಾಫ್ಟ್‌ವೇರ್ ಬಳಸುವ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಒಂದೇ ಬಗೆಯವನ್ನು ಸೇರಿಸಿ ಈ ಬಾರಿ ಉತ್ತರಿಸಿದ್ದೇವೆ. ಹೆಚ್ಚಿನವರ ತಕರಾರು ಒಂದೇ: ಯಂತ್ರವೇನೋ ಬಂತು, ಅಂದುಕೊಂಡಷ್ಟು ಕೆಲಸ ಸಾಗುತ್ತಿಲ್ಲ.

ಪ್ರಶ್ನೆ: ನಮ್ಮಲ್ಲಿ ಸುಮಾರು 4,000 ಬಗೆಯ ಸರಕಿದೆ. ಹನ್ನೆರಡು ಮಂದಿ ಕಾಗದದ ಪಟ್ಟಿ ಹಿಡಿದು ಆರ್ಡರ್ ಆರಿಸುತ್ತಾರೆ. ಮಾಲೀಕರು ನೇರವಾಗಿ ರೋಬೋಟ್ ತರಿಸೋಣ ಎನ್ನುತ್ತಿದ್ದಾರೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ರೋಬೋಟಿಗೆ ಎರಡು ವಿಷಯ ಗೊತ್ತಿರಬೇಕು: ಯಾವ ಖಾನೆಗೆ ಹೋಗಬೇಕು, ಅಲ್ಲಿ ಏನು ಎಷ್ಟಿದೆ. ಕಾಗದದ ಪಟ್ಟಿಯ ಮೇಲೆ ನಡೆಯುವ ಗೋದಾಮಿನಲ್ಲಿ ಇವೆರಡೂ ಹಳೆಯ ಕೆಲಸಗಾರರ ತಲೆಯಲ್ಲಿರುತ್ತವೆ. ಮೊದಲು ಅದನ್ನು ಕಂಪ್ಯೂಟರಿಗೆ ಇಳಿಸಬೇಕು.

ಪ್ರತಿ ಖಾನೆಗೂ ವಿಳಾಸ ಕೊಡಿ. 07-12-03-2 ಎಂದರೆ ಏಳನೇ ಓಣಿ, ಹನ್ನೆರಡನೇ ಬೇ (ರ್ಯಾಕಿನ ಎರಡು ಕಂಬಗಳ ನಡುವಿನ ಭಾಗ), ಮೂರನೇ ಅಂತಸ್ತು, ಎರಡನೇ ಖಾನೆ. ಓಣಿಯ ಎಡಬದಿಯ ಬೇಗಳಿಗೆ ಬೆಸ ಸಂಖ್ಯೆ, ಬಲಬದಿಯವಕ್ಕೆ ಸಮ ಸಂಖ್ಯೆ ಇಟ್ಟರೆ ಒಂದೇ ಸುತ್ತಿನಲ್ಲಿ ಎರಡೂ ಬದಿ ಮುಗಿಯುವಂತೆ ಪಟ್ಟಿ ಜೋಡಿಸಬಹುದು. ಅಂತಸ್ತುಗಳನ್ನು ಕೆಳಗಿನಿಂದ ಎಣಿಸಿ. ಮುಂದೆ ಮೇಲೊಂದು ಸೇರಿಸಿದರೂ ಹಳೆಯ ಸಂಖ್ಯೆ ಕೆಡುವುದಿಲ್ಲ. ಕೈಗೆಟುಕದ ಅಂತಸ್ತಿನ ಬಾರ್‌ಕೋಡನ್ನು ಕೆಳಗಿನ ಅಡ್ಡಪಟ್ಟಿಗೇ ಅಂಟಿಸಿ, ಅಂತಸ್ತಿಗೊಂದು ಬಣ್ಣ ಕೊಡಿ. ಕಂಬದ ಹಿಂದೆ, ಬಾಗಿಲ ಪಕ್ಕ ಸರಕು ಇಡುವ ರೂಢಿಯಿದ್ದರೆ ಆ ಜಾಗಕ್ಕೂ ವಿಳಾಸ ಬೇಕು. ವಿಳಾಸವಿಲ್ಲದ ಕಡೆ ಇಟ್ಟ ಪೆಟ್ಟಿಗೆ ಲೆಕ್ಕದ ಮಟ್ಟಿಗೆ ಕಳೆದುಹೋದ ಹಾಗೆಯೇ.

ಆಮೇಲೆ ದಾಸ್ತಾನಿನ ಪರೀಕ್ಷೆ. ಯಾದೃಚ್ಛಿಕವಾಗಿ 100 ಖಾನೆ ಆರಿಸಿ, ಕಂಪ್ಯೂಟರಿನ ಲೆಕ್ಕ ನೋಡದೆ ಎಣಿಸಿ, ಸರಕು ಮತ್ತು ಸಂಖ್ಯೆ ಎರಡೂ ತಾಳೆಯಾದದ್ದು ಎಷ್ಟು ಎಂದು ಬರೆದಿಡಿ. ನೂರಕ್ಕೆ 95 ಸರಿ ಬಂದರೆ ಪರವಾಗಿಲ್ಲ ಅನಿಸುತ್ತದೆ. ಆದರೆ ಒಂದು ಆರ್ಡರಿನಲ್ಲಿ ಐದು ಬಗೆಯ ಸರಕಿದ್ದರೆ ಐದೂ ಸಿಗುವ ಸಾಧ್ಯತೆ ಶೇ 77 ಮಾತ್ರ. ಅಂದರೆ ಹೆಚ್ಚುಕಡಿಮೆ ನಾಲ್ಕರಲ್ಲೊಂದು ಆರ್ಡರ್ ಎಲ್ಲೋ ಒಂದು ಕಡೆ ತಡೆಯುತ್ತದೆ. ಮನುಷ್ಯನಾದರೆ ಪಕ್ಕದ ಖಾನೆಯಲ್ಲಿ ತಡಕಾಡಿ ಹುಡುಕುತ್ತಾನೆ. ಯಂತ್ರ ತಡಕಾಡುವುದಿಲ್ಲ, ನಿಂತು ದೀಪ ಮಿನುಗಿಸುತ್ತದೆ. 99 ಮುಟ್ಟಿದರೆ ಅದೇ ಸಾಧ್ಯತೆ ಶೇ 95 ಆಗುತ್ತದೆ. ನಮ್ಮ ಸಲಹೆ: 98ಕ್ಕಿಂತ ಕೆಳಗಿರುವಾಗ ರೋಬೋಟಿನ ಮಾತು ಎತ್ತಬೇಡಿ. ವರ್ಷಕ್ಕೊಮ್ಮೆ ಬಾಗಿಲು ಮುಚ್ಚಿ ಎಣಿಸುವ ಬದಲು ದಿನಕ್ಕಿಷ್ಟು ಖಾನೆ ಎಂದು ಎಣಿಸುತ್ತ ಹೋದರೆ ತಪ್ಪು ಎಲ್ಲಿ ಹುಟ್ಟುತ್ತಿದೆ ಎಂಬುದೂ ಬೇಗ ತಿಳಿಯುತ್ತದೆ.

ಮೂರನೆಯದು ಅಳತೆ. ಪ್ರತಿ ಸರಕಿನ ಉದ್ದ, ಅಗಲ, ಎತ್ತರ, ತೂಕ ಬೇಕು. ಬಿಡಿ, ಪ್ಯಾಕ್, ಪೆಟ್ಟಿಗೆ ಮೂರಕ್ಕೂ ಬೇರೆ ಬೇರೆ. ಇಲ್ಲಿ ಪದೇ ಪದೇ ಆಗುವ ಎಡವಟ್ಟು ಎರಡು. ಒಬ್ಬರು ಸೆಂ.ಮೀ.ನಲ್ಲಿ, ಇನ್ನೊಬ್ಬರು ಮಿ.ಮೀ.ನಲ್ಲಿ ತುಂಬುವುದು ಒಂದು. ‘1’ ಎಂದರೆ ಬಿಡಿಯೋ ಹನ್ನೆರಡರ ಪ್ಯಾಕೋ ಎಂಬುದು ಸರಬರಾಜುದಾರರಿಂದ ಸರಬರಾಜುದಾರರಿಗೆ ಬದಲಾಗುವುದು ಇನ್ನೊಂದು.

ನಾಲ್ಕನೆಯದಕ್ಕೆ ಖರ್ಚೇ ಇಲ್ಲ. ಮೂರು ತಿಂಗಳ ಆರ್ಡರ್ ತೆಗೆದು, ಯಾವ ಸರಕಿಗೆ ಎಷ್ಟು ಸಲ ಕೈ ಹಾಕಿದ್ದೀರಿ ಎಂದು ಎಣಿಸಿ. ಎಷ್ಟು ಮಾರಾಟವಾಯಿತು ಎಂಬುದು ಇಲ್ಲಿ ಬೇಡ. ಒಂದೇ ಸಲಕ್ಕೆ 500 ಹೋದದ್ದು ಒಂದೇ ನಡಿಗೆ. ಹೆಚ್ಚು ಸಲ ಬರುವವನ್ನು ಪ್ಯಾಕಿಂಗ್ ಮೇಜಿಗೆ ಹತ್ತಿರ, ಮಂಡಿಯಿಂದ ಭುಜದೆತ್ತರದೊಳಗೆ ತನ್ನಿ. ಕಾಲ್ನಡಿಗೆಯ ಗೋದಾಮಿನಲ್ಲಿ ಆರಿಸುವವರ ಸಮಯದ ಸುಮಾರು ಅರ್ಧ ನಡಿಗೆಗೇ ಹೋಗುತ್ತದೆ. ರೋಬೋಟ್ ಉಳಿಸಿಕೊಡುವುದೂ ಈ ನಡಿಗೆಯನ್ನೇ. ಹಾಗಾಗಿ ಜೋಡಣೆ ಬದಲಿಸಿ, ಒಂದು ಗಾಡಿಯಲ್ಲಿ ಎಂಟು-ಹತ್ತು ಆರ್ಡರ್ ಒಟ್ಟಿಗೆ ಆರಿಸಿ, ಕೈಗೆ ಸ್ಕ್ಯಾನರ್ ಕೊಟ್ಟ ಮೇಲೆ ಉಳಿಯುವ ನಡಿಗೆ ಎಷ್ಟು ಎಂದು ನೋಡಿ. ರೋಬೋಟಿನ ಲೆಕ್ಕ ಅಲ್ಲಿಂದ ಶುರುವಾಗಲಿ. ಈ ಹಂತದಲ್ಲೇ ಮಾಲೀಕರ ಮನಸ್ಸು ಬದಲಾದರೆ ಆಶ್ಚರ್ಯವಿಲ್ಲ.

ಪ್ರಶ್ನೆ: ಅಂಟಿಸಿದ ಹೊಸದರಲ್ಲಿ ಚೆನ್ನಾಗಿ ಓದುತ್ತಿದ್ದ ಬಾರ್‌ಕೋಡ್ ನಾಲ್ಕೈದು ತಿಂಗಳಾದ ಮೇಲೆ ಓದುವುದಿಲ್ಲ. ಕೆಲವು ಲೇಬಲ್ ಮೊದಲ ದಿನದಿಂದಲೇ ಹಠ ಮಾಡುತ್ತವೆ. ಸ್ಕ್ಯಾನರ್ ಬದಲಿಸಬೇಕೇ?

ಉತ್ತರ: ಸ್ಕ್ಯಾನರನ್ನು ಮುಟ್ಟುವ ಮೊದಲು ಪ್ರಿಂಟರ್ ನೋಡಿ. ತಿಂಗಳು ಕಳೆದ ಮೇಲೆ ಕೆಡುತ್ತಿದ್ದರೆ ನೀವು ಬಳಸುತ್ತಿರುವುದು ಬಹುಶಃ ಶಾಯಿಯ ರಿಬ್ಬನ್ ಇಲ್ಲದೆ, ಶಾಖಕ್ಕೆ ತಾನೇ ಕಪ್ಪಾಗುವ ಡೈರೆಕ್ಟ್ ಥರ್ಮಲ್ ಕಾಗದ. ಬಿಸಿಲು, ಶಾಖ, ಉಜ್ಜಾಟಕ್ಕೆ ಅದು ಮಸುಕಾಗುತ್ತದೆ. ಉಗುರಿನಿಂದ ಜೋರಾಗಿ ಗೀರಿ ನೋಡಿ: ಕಪ್ಪು ಗೆರೆ ಮೂಡಿದರೆ ಅದೇ ಕಾಗದ. ವಾರದಲ್ಲಿ ಹೊರಗೆ ಹೋಗುವ ಪಾರ್ಸಲ್ಲಿಗೆ ಅದು ಸಾಕು, ರ್ಯಾಕಿಗೆ ಸಲ್ಲದು. ರ್ಯಾಕಿಗೆ ಪಾಲಿಯೆಸ್ಟರ್ ಲೇಬಲ್ಲಿನ ಮೇಲೆ ರೆಸಿನ್ ರಿಬ್ಬನ್ನಿನಿಂದ ಮುದ್ರಿಸಿ.

ಮೊದಲ ದಿನವೇ ಓದದಿದ್ದರೆ ಹೆಚ್ಚಾಗಿ ಗೆರೆಯ ದಪ್ಪ ತಪ್ಪಿರುತ್ತದೆ. 203 ಡಿಪಿಐ (ಇಂಚಿಗೆ 203 ಚುಕ್ಕೆ) ಪ್ರಿಂಟರಿನ ಒಂದು ಚುಕ್ಕೆ 0.125 ಮಿ.ಮೀ. ಅತಿ ಸಣ್ಣ ಗೆರೆಯ ಅಗಲ ಇದರ ಪೂರ್ಣ ಗುಣಕವಾಗಿರಬೇಕು: ನಾಲ್ಕು ಚುಕ್ಕೆಗೆ 0.5 ಮಿ.ಮೀ. ಪ್ಯಾಲೆಟ್ (ಸರಕು ಪೇರಿಸುವ ಹಲಗೆ) ಮತ್ತು ಪೆಟ್ಟಿಗೆಗಳ ಮೇಲೆ ಹಾಕುವ ಜಿಎಸ್1-128 ಎಂಬ ಬಗೆಯ ಬಾರ್‌ಕೋಡ್ ಲೇಬಲ್ಲಿಗೆ ಕನಿಷ್ಠ 0.495 ಮಿ.ಮೀ. ಬೇಕಿರುವುದರಿಂದ ಇದು ಸರಿಹೊಂದುತ್ತದೆ. ಬಾರ್‌ಕೋಡನ್ನು ಚಿತ್ರವಾಗಿ ತಂದು ಮೌಸಿನಿಂದ ಎಳೆದು ಜಾಗಕ್ಕೆ ಕೂರಿಸಿದರೆ ಒಂದು ಗೆರೆ ನಾಲ್ಕು ಚುಕ್ಕೆ, ಪಕ್ಕದ್ದು ಐದು ಆಗಿ ಅನುಪಾತವೇ ಕೆಡುತ್ತದೆ; ಕಣ್ಣಿಗೆ ಮಾತ್ರ ಸರಿಯಾಗಿಯೇ ಕಾಣುತ್ತದೆ. ಲೇಬಲ್ ಸಾಫ್ಟ್‌ವೇರಿನಲ್ಲಿ ಗೆರೆಯ ಅಗಲವನ್ನು ಸಂಖ್ಯೆಯಾಗಿಯೇ ಕೊಡಿ. ಎಡಬಲಗಳಲ್ಲಿ ಸಣ್ಣ ಗೆರೆಯ ಹತ್ತು ಪಟ್ಟು, ಅಂದರೆ 5 ಮಿ.ಮೀ. ಖಾಲಿ ಬಿಳಿ ಜಾಗ ಇರಲೇಬೇಕು. ಆ ಜಾಗಕ್ಕೆ ಚೌಕಟ್ಟು ಹಾಕಿ ಚಂದ ಮಾಡುವವರೇ ಹೆಚ್ಚು.

ಇನ್ನೊಂದು ಕಾರಣ, ಪ್ರಿಂಟ್ ಹೆಡ್ಡಿನಲ್ಲಿ ಸುಟ್ಟುಹೋದ ಚುಕ್ಕೆ. ಅದು ಲೇಬಲ್ ಹೊರಬರುವ ದಿಕ್ಕಿಗೆ ಉದ್ದಕ್ಕೆ ಒಂದು ಬಿಳಿ ಕೂದಲೆಳೆ ಬಿಡುತ್ತದೆ. ಗೆರೆಗಳೂ ಅದೇ ದಿಕ್ಕಿಗಿದ್ದರೆ ಆ ಎಳೆ ಒಂದು ಗೆರೆಯನ್ನೇ ಮೇಲಿಂದ ಕೆಳಗಿನವರೆಗೆ ಸೀಳುತ್ತದೆ. ಗೆರೆಗಳು ಏಣಿಯ ಮೆಟ್ಟಿಲಿನಂತೆ ಅಡ್ಡಕ್ಕಿದ್ದರೆ ಎಲ್ಲ ಗೆರೆಗಳಲ್ಲೂ ಒಂದು ಸಣ್ಣ ಕಡಿತ ಬಿದ್ದು ಉಳಿದ ಭಾಗ ಓದುತ್ತದೆ. ಜಾಗವಿದ್ದರೆ ಅಡ್ಡಕ್ಕೇ ಮುದ್ರಿಸಿ. ರಿಬ್ಬನ್ ಬದಲಿಸಿದಾಗಲೆಲ್ಲ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ.

ಪ್ಯಾಲೆಟ್ಟಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿದ ಮೇಲೆ ಓದುವುದಿಲ್ಲ ಎನ್ನುವವರಿಗೆ: ಲೇಬಲ್ಲನ್ನು ಹಾಳೆಯ ಮೇಲೆ ಅಂಟಿಸಿ, ಒಳಗಲ್ಲ. ಹಾಳೆಯ ಹೊಳಪು ಸ್ಕ್ಯಾನರಿನ ಕಣ್ಣಿಗೆ ಹೊಡೆಯುತ್ತದೆ.

ಪ್ರಶ್ನೆ: ಬಾಗಿಲಲ್ಲಿ ಆರ್‌ಎಫ್‌ಐಡಿ ಗೇಟ್ ಹಾಕಿಸಿದೆವು; ಪೆಟ್ಟಿಗೆಯ ಟ್ಯಾಗನ್ನು ರೇಡಿಯೊ ಅಲೆಯಿಂದ ದೂರದಿಂದಲೇ ಓದುವ ವ್ಯವಸ್ಥೆ ಅದು. ನೀರಿನ ಬಾಟಲಿ, ತಗಡಿನ ಡಬ್ಬಿಗಳ ಪ್ಯಾಲೆಟ್ಟಿನಲ್ಲಿ ಅರ್ಧದಷ್ಟು ಪೆಟ್ಟಿಗೆ ಮಾತ್ರ ಎಣಿಕೆಗೆ ಸಿಗುತ್ತವೆ. ಒಮ್ಮೊಮ್ಮೆ ಪಕ್ಕದ ಬಾಗಿಲಿನ ಸರಕೂ ನಮ್ಮ ಲೆಕ್ಕಕ್ಕೆ ಬರುತ್ತದೆ.

ಉತ್ತರ: ಗೋದಾಮಿನ ಆರ್‌ಎಫ್‌ಐಡಿ ಸಾಮಾನ್ಯವಾಗಿ 860ರಿಂದ 960 ಮೆಗಾಹರ್ಟ್ಸ್ ನಡುವಿನದು. ಈ ಅಲೆಯನ್ನು ನೀರು ಹೀರಿಕೊಳ್ಳುತ್ತದೆ, ಲೋಹ ಹಿಂದಕ್ಕೆ ಎಸೆಯುತ್ತದೆ. ನಿಮಗೆ ಎರಡೂ ಕಂಟಕ ಒಟ್ಟಿಗೇ ಇವೆ. ಪ್ಯಾಲೆಟ್ಟಿನ ನಡುವಿನ ಪೆಟ್ಟಿಗೆಯ ಟ್ಯಾಗಿಗೆ ಶಕ್ತಿ ತಲುಪುವುದೇ ಇಲ್ಲ. ಆ ಟ್ಯಾಗಿನಲ್ಲಿ ಬ್ಯಾಟರಿ ಇಲ್ಲ, ರೀಡರಿನ ಅಲೆಯಿಂದಲೇ ಅದಕ್ಕೆ ಜೀವ. ರೀಡರಿನ ಶಕ್ತಿ ಏರಿಸಿದರೂ ನಡುವಿನದು ಓದುವುದಿಲ್ಲ, ಪಕ್ಕದ ಬಾಗಿಲಿನದು ಇನ್ನಷ್ಟು ಓದುತ್ತದೆ.

ಬಾಟಲಿಗಳ ಕತ್ತಿನ ಸುತ್ತ ಪೆಟ್ಟಿಗೆಯೊಳಗೆ ಗಾಳಿಯ ಜಾಗವಿರುತ್ತದೆ; ಟ್ಯಾಗ್ ಆ ಎತ್ತರದಲ್ಲಿ ಪೆಟ್ಟಿಗೆಯ ಹೊರಬದಿಗೆ ಬರಲಿ. ಡಬ್ಬಿಗೆ ನೇರ ಅಂಟಿಸಬೇಕಿದ್ದರೆ ಲೋಹದ ಮೇಲೆ ಕೆಲಸ ಮಾಡುವ ಟ್ಯಾಗನ್ನೇ ಕೊಳ್ಳಿ. ಇದಕ್ಕಿಂತ ಗಟ್ಟಿ ದಾರಿ, ಪೆಟ್ಟಿಗೆಗಳನ್ನು ಪ್ಯಾಲೆಟ್ಟಿಗೆ ಪೇರಿಸುವ ಮೊದಲೇ ಕನ್ವೇಯರ್ ಮೇಲೆ ಒಂದೊಂದಾಗಿ ಓದಿ, ಅವನ್ನೆಲ್ಲ ಪ್ಯಾಲೆಟ್ಟಿನ ಒಂದೇ ಟ್ಯಾಗಿಗೆ ಕಟ್ಟುವುದು. ಬಾಗಿಲಲ್ಲಿ ಆಗ ಓದಬೇಕಾದ್ದು ಆ ಒಂದೇ.

ಪಕ್ಕದ ಬಾಗಿಲಿನ ಕಾಟಕ್ಕೆ ರೀಡರಿನ ಶಕ್ತಿಯನ್ನು 3 ಡಿಬಿ, ಅಂದರೆ ಅರ್ಧಕ್ಕೆ, ಇಳಿಸಿ. ಓದುವ ದೂರ ಸುಮಾರು ಶೇ 30 ತಗ್ಗುತ್ತದೆ. ಪ್ಯಾಲೆಟ್ ಹಾಯುವಾಗ ಮಾತ್ರ ರೀಡರ್ ಏಳುವಂತೆ ಬಾಗಿಲಲ್ಲೊಂದು ಫೋಟೊ ಸೆನ್ಸರ್ ಹಾಕಿ. ಎರಡು ಬಾಗಿಲ ನಡುವೆ ಲೋಹದ ಜಾಲರಿ ನಿಲ್ಲಿಸಿ. ಟ್ಯಾಗ್, ರೀಡರ್ ಎರಡೂ ಬಳಸುವ ದೇಶದ ತರಂಗಾಂಕಕ್ಕೆ ಹೊಂದಿವೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಅಮೆರಿಕದ 902–928 ಮೆಗಾಹರ್ಟ್ಸ್ ಪಟ್ಟಿಗೇ ಶ್ರುತಿ ಮಾಡಿದ ಟ್ಯಾಗ್ ಯುರೋಪಿನ 865–868ರಲ್ಲಿ ದುರ್ಬಲವಾಗುತ್ತದೆ.

ಪ್ರಶ್ನೆ: ರೋಲರ್ ಕನ್ವೇಯರಿನಲ್ಲಿ ಸಣ್ಣ ಪೆಟ್ಟಿಗೆಗಳು ಮುಗ್ಗರಿಸಿ ಸಿಕ್ಕಿಹಾಕಿಕೊಳ್ಳುತ್ತವೆ. ಪೆಟ್ಟಿಗೆ ಇಲ್ಲದಿದ್ದರೂ ಕೆಲವೊಮ್ಮೆ ಸೆನ್ಸರ್ ‘ಇದೆ’ ಎನ್ನುತ್ತದೆ.

ಉತ್ತರ: ಯಾವ ಕ್ಷಣದಲ್ಲೂ ಪೆಟ್ಟಿಗೆಯ ಕೆಳಗೆ ಮೂರು ರೋಲರ್ ಇರಬೇಕು. ನಿಮ್ಮ ಅತಿ ಚಿಕ್ಕ ಪೆಟ್ಟಿಗೆ 200 ಮಿ.ಮೀ. ಇದ್ದರೆ ರೋಲರಿನಿಂದ ರೋಲರಿಗೆ 66 ಮಿ.ಮೀ. ಮೀರುವಂತಿಲ್ಲ. ಈಗ 100 ಇರಬೇಕು ಎಂದು ಊಹೆ. ಉದ್ದ ಎಂದರೆ ಸಾಗುವ ದಿಕ್ಕಿನ ಉದ್ದ; ತಿರುವಿನಲ್ಲಿ ಪೆಟ್ಟಿಗೆ ಅಡ್ಡಕ್ಕೆ ತಿರುಗಿದರೆ 200 ಹೋಗಿ ಅದರ ಅಗಲ, ಉದಾಹರಣೆಗೆ 140, ಆಗುತ್ತದೆ, ಲೆಕ್ಕ ತಲೆಕೆಳಗಾಗುತ್ತದೆ. ಚಿಕ್ಕವನ್ನು ಒಂದೇ ಅಳತೆಯ ಪ್ಲಾಸ್ಟಿಕ್ ಟ್ರೇಯಲ್ಲಿಟ್ಟು ಕಳಿಸುವುದು ರೋಲರ್ ಬದಲಿಸುವುದಕ್ಕಿಂತ ಸುಲಭ. ಪಾಲಿಥಿನ್ ಕವರುಗಳಿಗೆ ಬೆಲ್ಟ್ ಕನ್ವೇಯರೇ ಬೇಕು.

ಸೆನ್ಸರ್ ಸುಳ್ಳು ಹೇಳುವುದಕ್ಕೆ ಮುಖ್ಯ ಕಾರಣ ಎದುರಿನ ಪ್ರತಿಫಲಕದ ಮೇಲಿನ ಧೂಳು. ಬೆಳಕು ಹಿಂತಿರುಗದಿದ್ದರೆ ನಡುವೆ ಏನೋ ಇದೆ ಎಂದೇ ಅದು ತಿಳಿಯುತ್ತದೆ. ರಟ್ಟಿನ ಪುಡಿ ಹೆಚ್ಚಿರುವ ಕಡೆ ವಾರಕ್ಕೊಮ್ಮೆ ಒರೆಸಿ. ಇದರ ಉಲ್ಟಾ ತೊಂದರೆಯೂ ಉಂಟು: ಹೊಳೆಯುವ ಪೊಟ್ಟಣ ತಾನೇ ಬೆಳಕನ್ನು ಹಿಂದಿರುಗಿಸಿ ‘ಏನೂ ಇಲ್ಲ’ ಅನಿಸುತ್ತದೆ. ಅದಕ್ಕೆ ಪ್ರತಿಫಲಕದಿಂದ ಬಂದ ಬೆಳಕನ್ನಷ್ಟೇ ಗುರುತಿಸುವ ಪೋಲರೈಸಿಂಗ್ ಫಿಲ್ಟರ್ ಇರುವ ಸೆನ್ಸರ್ ಬೇಕು.

ಸಿಕ್ಕಿಬಿದ್ದದ್ದನ್ನು ಪತ್ತೆ ಮಾಡುವ ಸಮಯವನ್ನೂ ಸರಿಯಾಗಿ ಕೂರಿಸಿ. 400 ಮಿ.ಮೀ. ಪೆಟ್ಟಿಗೆ ಸೆಕೆಂಡಿಗೆ 0.5 ಮೀಟರ್ ವೇಗದಲ್ಲಿ ಸೆನ್ಸರ್ ದಾಟಲು 0.8 ಸೆಕೆಂಡ್ ಬೇಕು. ರೋಲರ್ ತಿರುಗುತ್ತಿದ್ದೂ 2–3 ಸೆಕೆಂಡ್ ಸೆನ್ಸರ್ ಮುಚ್ಚಿಕೊಂಡಿದ್ದರೆ ಮೋಟಾರ್ ನಿಲ್ಲಲಿ. ಇದನ್ನು 10 ಸೆಕೆಂಡಿಗೆ ಇಟ್ಟರೆ ಹಿಂದಿನ ಪೆಟ್ಟಿಗೆಗಳೆಲ್ಲ ಬಂದು ಜಜ್ಜಿಕೊಂಡಿರುತ್ತವೆ.

ಪ್ರಶ್ನೆ: ತಾನೇ ದಾರಿ ಹುಡುಕಿ ಮಾಲು ಸಾಗಿಸುವ ಎಎಂಆರ್ ರೋಬೋಟ್ ಐದು ಸಾಕು ಎನ್ನುತ್ತಾರೆ ಮಾರುವವರು. ಗಂಟೆಗೆ 120 ಸಾಗಣೆ ಬೇಕು, ಹೋಗಿ ಬರಲು ಸರಾಸರಿ 160 ಮೀಟರ್. ಲೆಕ್ಕ ಸರಿಯೇ?

ಉತ್ತರ: ಅವರ ಲೆಕ್ಕ ಹೀಗಿರಬೇಕು: ವೇಗ ಸೆಕೆಂಡಿಗೆ 2 ಮೀಟರ್, 160 ಮೀಟರಿಗೆ 80 ಸೆಕೆಂಡ್, ಎತ್ತಿ ಇಳಿಸಲು 40, ಒಟ್ಟು 120 ಸೆಕೆಂಡ್. ಗಂಟೆಗೆ 30 ಸಾಗಣೆ, ನಾಲ್ಕು ರೋಬೋಟ್, ಮೇಲೊಂದು. ಕಾಗದದ ಮೇಲೆ ತಪ್ಪಿಲ್ಲ.

ಆದರೆ 2 ಮೀಟರ್ ಎಂಬುದು ಖಾಲಿ ನೇರ ದಾರಿಯ ವೇಗ. ತಿರುವು, ಕೂಡುದಾರಿ, ಜನರ ಓಡಾಟ ಸೇರಿದರೆ ಸರಾಸರಿ 1 ಮೀಟರ್ ಹಿಡಿಯುವುದು ಕ್ಷೇಮ. ಆಗ 160 ಸೆಕೆಂಡ್ ಓಟ, 40 ಎತ್ತಿ ಇಳಿಸಲು, ಒಟ್ಟು 200. ಒಂದಕ್ಕೊಂದು ದಾರಿ ಬಿಡಲು ಕಾಯುವುದಕ್ಕೆ ಶೇ 20 ಸೇರಿಸಿ: 240 ಸೆಕೆಂಡ್, ಗಂಟೆಗೆ 15 ಸಾಗಣೆ. ಚಾರ್ಜಿಂಗ್, ರಿಪೇರಿ ಕಳೆದು ಶೇ 85 ಸಮಯ ಕೆಲಸಕ್ಕೆ ಸಿಕ್ಕರೆ 12.75. ನಿಮ್ಮ 120ನ್ನು ಇದರಿಂದ ಭಾಗಿಸಿದರೆ 9.4, ಅಂದರೆ ಹತ್ತು. ಬದಲಿಗೆ ಒಂದು ಸೇರಿ ಹನ್ನೊಂದು. ಆ 120 ಎಂಬುದು ದಿನದ ಸರಾಸರಿಯೋ ಅತಿ ಗಡಿಬಿಡಿಯ ಗಂಟೆಯದೋ ಎಂದೂ ನೋಡಿಕೊಳ್ಳಿ. ಸರಾಸರಿಯಾದರೆ ಹನ್ನೊಂದೂ ಸಾಲದು. ಇತ್ತ ಕಿರಿದಾದ ಓಣಿಯಲ್ಲಿ ರೋಬೋಟ್ ಹೆಚ್ಚಿಸಿದಷ್ಟೂ ಕಾಯುವ ಸಮಯ ಏರುತ್ತದೆ, ಶೇ 20 ಎಂಬುದು 40 ಆಗಬಹುದು. ನಿಮ್ಮ ನಕ್ಷೆಯ ಮೇಲೆ, ನಿಮ್ಮ ಆರ್ಡರುಗಳನ್ನೇ ಹಾಕಿ ಸಿಮ್ಯುಲೇಶನ್ ಕೇಳಿ. ಒಪ್ಪಂದದಲ್ಲಿ ರೋಬೋಟಿನ ವೇಗ ಬರೆಯಿಸಬೇಡಿ. ನಿಮ್ಮ ಸರಕಿನೊಂದಿಗೆ, ನಿಮ್ಮ ಜನ ಓಡಾಡುತ್ತಿರುವಾಗ ಗಂಟೆಗೆ ಎಷ್ಟು ಸಾಗಣೆ ಎಂದು ಬರೆಯಿಸಿ.

ಸುರಕ್ಷತೆಯ ವಿಚಾರ ನೀವು ಕೇಳಿಲ್ಲ, ಆದರೂ ಹೇಳಬೇಕು. ಸುರಕ್ಷತಾ ಲೇಸರ್ ಸಾಮಾನ್ಯವಾಗಿ ನೆಲದಿಂದ ಒಂದು ಗೇಣು ಎತ್ತರದಲ್ಲಿ ಒಂದೇ ಸಮತಲವನ್ನು ನೋಡುತ್ತದೆ. ಎತ್ತಿ ನಿಲ್ಲಿಸಿದ ಫೋರ್ಕ್‌ಲಿಫ್ಟಿನ ಕವಲು, ಹೊರಚಾಚಿದ ಮೇಜಿನ ಅಂಚು ಅದಕ್ಕೆ ಕಾಣುವುದಿಲ್ಲ. ಪ್ಯಾಲೆಟ್ಟಿನಿಂದ ಜೋತಾಡುವ ಪ್ಲಾಸ್ಟಿಕ್ ಚೂರು ಮಾತ್ರ ಚೆನ್ನಾಗಿ ಕಂಡು ರೋಬೋಟ್ ಗಕ್ಕನೆ ನಿಲ್ಲುತ್ತದೆ. (ಮಾರಾಟದ ವಿಡಿಯೊಗಳಲ್ಲಿ ಪ್ಲಾಸ್ಟಿಕ್ ಎಂದೂ ಜೋತಾಡುವುದಿಲ್ಲ.) ಫೋರ್ಕ್‌ಲಿಫ್ಟ್ ಓಡಾಡುವ ದಾರಿಯನ್ನೂ ರೋಬೋಟಿನ ದಾರಿಯನ್ನೂ ಬೇರೆ ಮಾಡಿ. ಚಾಲಕರಿಲ್ಲದ ಇಂಥ ವಾಹನಗಳಿಗೆ ಐಎಸ್‌ಒ 3691-4 ಎಂಬ ಸುರಕ್ಷತಾ ಮಾನದಂಡವಿದೆ. ಅದರಂತೆ ಪರೀಕ್ಷಿಸಿದ ದಾಖಲೆ ಕೇಳಿ.

ಪ್ರಶ್ನೆ: ನಮ್ಮ ರೋಬೋಟುಗಳು ಒಂದೇ ಓಣಿಯ ಕೊನೆಯಲ್ಲಿ ದಿನಾ ನಿಲ್ಲುತ್ತವೆ. ವೈಫೈ ಸಿಗ್ನಲ್ ಚೆನ್ನಾಗಿಯೇ ಇದೆ.

ಉತ್ತರ: ಸಿಗ್ನಲ್ ಇದ್ದರೆ ಸಾಲದು, ವೈಫೈ ಬಿತ್ತರಿಸುವ ಒಂದು ಆಕ್ಸೆಸ್ ಪಾಯಿಂಟಿನಿಂದ ಇನ್ನೊಂದಕ್ಕೆ ದಾಟುವುದು ಸರಾಗವಾಗಬೇಕು. ರೋಬೋಟ್ ಹಳೆಯ ಪಾಯಿಂಟನ್ನೇ ಕಚ್ಚಿಕೊಂಡು ಓಣಿಯ ಕೊನೆಯವರೆಗೆ ಹೋಗಿ ಅಲ್ಲಿ ಸಂಪರ್ಕ ಕಳೆದುಕೊಳ್ಳುತ್ತಿರಬಹುದು. ರೋಬೋಟಿನ ಸಂಪರ್ಕದ ಲಾಗಿನಲ್ಲಿ ನಿಂತ ಹೊತ್ತಿಗೆ ಅದು ಯಾವ ಪಾಯಿಂಟಿಗೆ ಅಂಟಿಕೊಂಡಿತ್ತು ನೋಡಿ. ಸಿಗ್ನಲ್ ಎಷ್ಟಕ್ಕೆ ಇಳಿದರೆ ದಾಟಬೇಕು ಎಂಬ ಮಿತಿಯನ್ನು ಸುಮಾರು –67 ಡಿಬಿಎಂ ಆಸುಪಾಸಿಗೆ ಇಡಿ, 802.11ಆರ್ ಎಂಬ ವೇಗದ ದಾಟುವಿಕೆಯನ್ನು ಎರಡೂ ಕಡೆ ಚಾಲೂ ಮಾಡಿ. ಆಕ್ಸೆಸ್ ಪಾಯಿಂಟುಗಳ ಶಕ್ತಿಯನ್ನು ಗರಿಷ್ಠಕ್ಕೆ ಏರಿಸಿದ್ದರೆ ಇಳಿಸಿ. ಸಿಗ್ನಲ್ ಅಳೆದದ್ದು ರ್ಯಾಕ್ ಖಾಲಿಯಿದ್ದಾಗಲೇ? ಸರಕು ತುಂಬಿದ ಮೇಲೆ ಇನ್ನೊಮ್ಮೆ ಅಳೆಯಿಸಿ.

ಪ್ರಶ್ನೆ: ನಿರ್ವಾತ ಹಿಡಿಕೆಯ ರೋಬೋಟ್ ಕೈ 5 ಕೆ.ಜಿ. ಪೆಟ್ಟಿಗೆಗಳನ್ನು ಬೀಳಿಸುತ್ತದೆ. ಗಾಳಿ ಎಳೆದು ಹಿಡಿಯುವ ರಬ್ಬರ್ ಕಪ್ 40 ಮಿ.ಮೀ. ವ್ಯಾಸದ್ದು, ಒಂದೇ ಇದೆ. ಕ್ಯಾಟಲಾಗಿನಲ್ಲಿ 7 ಕೆ.ಜಿ. ಎಂದಿದೆ.

ಉತ್ತರ: ಕ್ಯಾಟಲಾಗಿನದು ನಿಂತಲ್ಲೇ ಎತ್ತುವ ಲೆಕ್ಕ. 40 ಮಿ.ಮೀ. ಕಪ್ಪಿನ ವಿಸ್ತೀರ್ಣ 12.6 ಚದರ ಸೆಂ.ಮೀ.; 60 ಕಿಲೊಪಾಸ್ಕಲ್ ನಿರ್ವಾತದಲ್ಲಿ ಹಿಡಿತ 75 ನ್ಯೂಟನ್, ಅಂದರೆ ಸುಮಾರು 7.7 ಕೆ.ಜಿ. ಕೈ ಜೋರಾಗಿ ಮೇಲೆತ್ತುವಾಗ ಗುರುತ್ವದ 9.8ಕ್ಕೆ 5ರಷ್ಟು ವೇಗೋತ್ಕರ್ಷ ಸೇರಿ ಸುಮಾರು 15 ಆಗುತ್ತದೆ. 75ನ್ನು ಅದರಿಂದ ಭಾಗಿಸಿದರೆ 5 ಕೆ.ಜಿ.; ಎರಡು ಪಟ್ಟು ಸುರಕ್ಷತೆ ಇಟ್ಟರೆ ಉಳಿಯುವುದು 2.5 ಕೆ.ಜಿ. ಪಕ್ಕದಿಂದ ಹಿಡಿದು ಎತ್ತುವುದಾದರೆ ಅದೂ ಅರ್ಧವಾಗುತ್ತದೆ. ನಿಮ್ಮ ಪೆಟ್ಟಿಗೆಗೆ ಮೇಲಿನಿಂದ ಹಿಡಿಯಲು ಕನಿಷ್ಠ ಎರಡು ಕಪ್, ಕ್ಷೇಮಕ್ಕೆ ನಾಲ್ಕು ಬೇಕು.

ರಟ್ಟಿನ ಮೂಲಕ ಗಾಳಿ ಸೋರುವುದೂ ಉಂಟು, ಮರುಬಳಕೆಯ ಒರಟು ರಟ್ಟಿನಲ್ಲಿ ಹೆಚ್ಚು. ಅಲ್ಲಿ ಇನ್ನೂ ಆಳದ ನಿರ್ವಾತಕ್ಕಿಂತ ಹೆಚ್ಚು ಗಾಳಿ ಎಳೆಯುವ ಬ್ಲೋವರ್ ಉಪಯೋಗಕ್ಕೆ ಬರುತ್ತದೆ. ಕಪ್ಪಿನ ತುಟಿ ಟೇಪಿನ ಅಂಚಿನ ಮೇಲೆ ಕೂರದಂತೆ ಹಿಡಿಯುವ ಬಿಂದುವನ್ನು ಸರಿಸಿ.

ಪ್ರಶ್ನೆ: ಪ್ಯಾಕ್ ಆದ ಪೆಟ್ಟಿಗೆ ತೂಗಿ, ಒಳಗೆ ಯಾವುದಾದರೂ ಸರಕು ಬಿಟ್ಟುಹೋಗಿದೆಯೇ ಎಂದು ಕಂಡುಹಿಡಿಯಬಹುದೇ?

ಉತ್ತರ: ಸರಕು ಭಾರವಿದ್ದರೆ ಆಗುತ್ತದೆ. ರಟ್ಟು ಹವೆಯ ತೇವ ಹೀರುವುದರಿಂದ 600 ಗ್ರಾಮಿನ ಖಾಲಿ ಪೆಟ್ಟಿಗೆಯಲ್ಲೇ ಹತ್ತಾರು ಗ್ರಾಂ ಏರಿಳಿತ ಬರಬಹುದು. 18 ಗ್ರಾಮಿನ ಪೊಟ್ಟಣ ಅದರಲ್ಲಿ ಮುಚ್ಚಿಹೋಗುತ್ತದೆ. ಒಂದೇ ಬಗೆಯ ಸರಿಯಾದ ಮೂವತ್ತು ಪೆಟ್ಟಿಗೆ ತೂಗಿ ಗರಿಷ್ಠ-ಕನಿಷ್ಠಗಳ ಅಂತರ ನೋಡಿ. ನಿಮ್ಮ ಅತಿ ಹಗುರ ಸರಕು ಅದಕ್ಕಿಂತ ಕಡಿಮೆ ತೂಗಿದರೆ ಪ್ಲಾಸ್ಟಿಕ್ ಟ್ರೇಯಲ್ಲಿರುವಾಗಲೇ ತೂಗಿ, ಇಲ್ಲವೇ ಒಂದೊಂದನ್ನೂ ಸ್ಕ್ಯಾನ್ ಮಾಡಿ.

ಪ್ರಶ್ನೆ: ಲಿಥಿಯಂ ಬ್ಯಾಟರಿಯ ರೋಬೋಟಿನಿಂದ ಬೆಂಕಿಯ ಭಯವಿದೆಯೇ? ನಮ್ಮದು ಶೀತಲ ಗೋದಾಮೂ ಹೌದು.

ಉತ್ತರ: ಇದೆ. ಇಂಗ್ಲೆಂಡಿನ ಆಂಡೋವರಿನಲ್ಲಿ 2019ರ ಫೆಬ್ರವರಿಯಲ್ಲಿ ಒಕಾಡೊ ಕಂಪನಿಯ ಸ್ವಯಂಚಾಲಿತ ಗೋದಾಮು ಸುಟ್ಟದ್ದು ರೋಬೋಟ್ ಚಾರ್ಜಿಂಗಿನ ವಿದ್ಯುತ್ ದೋಷದಿಂದ. ರೋಬೋಟಿನ ಪ್ಲಾಸ್ಟಿಕ್ ಮುಚ್ಚಳಕ್ಕೆ ಬೆಂಕಿ ಹತ್ತಿ ಹರಡಿತು. ಚಾರ್ಜಿಂಗ್ ಜಾಗ ಸರಕಿನಿಂದ ದೂರವಿರಲಿ, ಅದರ ಮೇಲೆ ಹೊಗೆ ಪತ್ತೆ ಮತ್ತು ಸ್ಪ್ರಿಂಕ್ಲರ್ ಇರಲಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಉಳಿದ ಬಹುತೇಕ ಲಿಥಿಯಂ ಬಗೆಗಳಿಗಿಂತ ಹೆಚ್ಚು ಶಾಖ ತಡೆಯುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಒಳಗೆ ಲಿಥಿಯಂ ಲೋಹ ಪದರ ಕಟ್ಟಿ ಬ್ಯಾಟರಿ ಕೆಡುತ್ತದೆ, ಅಪಾಯವೂ ಹೆಚ್ಚುತ್ತದೆ. ಚಾರ್ಜರ್ ಶೀತ ಕೋಣೆಯ ಹೊರಗಿರಲಿ. ಹೊರಬಂದ ರೋಬೋಟಿನ ಮೇಲೆ ಇಬ್ಬನಿ ಕಟ್ಟುತ್ತದೆ. ಕ್ಯಾಮೆರಾ, ಲೇಸರ್ ಗಾಜಿಗೆ ಹೀಟರ್ ಇದೆಯೇ ಎಂದು ಕೊಳ್ಳುವಾಗಲೇ ಕೇಳಿ.

ಪ್ರಶ್ನೆ: ಕರೆಂಟ್ ಹೋಗಿ ಬಂದ ಮೇಲೆ ಕನ್ವೇಯರ್ ಪೆಟ್ಟಿಗೆಗಳನ್ನು ತಪ್ಪು ದಾರಿಗೆ ಕಳಿಸುತ್ತದೆ. ಏಕೆ?

ಉತ್ತರ: ಯಾವ ಪೆಟ್ಟಿಗೆ ಯಾವ ವಲಯದಲ್ಲಿದೆ ಎಂಬುದು ಕನ್ವೇಯರ್ ನಡೆಸುವ ನಿಯಂತ್ರಕ ಕಂಪ್ಯೂಟರಾದ ಪಿಎಲ್‌ಸಿಯ ನೆನಪಿನಲ್ಲಿರುತ್ತದೆ. ಕರೆಂಟಿಲ್ಲದ ಹೊತ್ತಿನಲ್ಲಿ ಯಾರೋ ಒಂದು ಪೆಟ್ಟಿಗೆ ಎತ್ತಿ ಬದಿಗಿಟ್ಟರೂ ನೆನಪಿಗೂ ವಾಸ್ತವಕ್ಕೂ ತಾಳ ತಪ್ಪುತ್ತದೆ, ಹಿಂದಿನ ಪೆಟ್ಟಿಗೆಗೆ ಮುಂದಿನದರ ವಿಳಾಸ ಬೀಳುತ್ತದೆ. ಕರೆಂಟ್ ಬಂದೊಡನೆ ಚಾಲೂ ಮಾಡದೆ ಒಬ್ಬರು ಸಾಲಿನುದ್ದಕ್ಕೂ ನಡೆದು ನೋಡಲಿ. ಆಮೇಲೆ ಪಿಎಲ್‌ಸಿಯ ಪೆಟ್ಟಿಗೆ ಪಟ್ಟಿಯನ್ನು ಪೂರ್ತಿ ಅಳಿಸಿ, ಸಾಲಿನ ಮೇಲಿರುವುದೆಲ್ಲ ಮುಂದಿನ ಸ್ಕ್ಯಾನರಿನವರೆಗೆ ಗುರುತಿಲ್ಲದ ಸರಕಾಗಿ ಸಾಗುವಂತೆ ಮಾಡಿ. ನಡುವೆ ಸ್ಕ್ಯಾನರ್ ಇಲ್ಲದ ಉದ್ದ ಸಾಲಾದರೆ ದಾರಿ ಬೇರೆಯಾಗುವ ಜಾಗಕ್ಕೆ ಮೊದಲು ಇನ್ನೊಂದು ಸ್ಕ್ಯಾನರ್ ಹಾಕಿಸಿ, ಓದದ ಪೆಟ್ಟಿಗೆಗಳಿಗೆ ಪ್ರತ್ಯೇಕ ಇಳಿಜಾರು ಕೊಡಿ. ಪಿಎಲ್‌ಸಿಗೂ ಸರ್ವರಿಗೂ ಯುಪಿಎಸ್ ಇದ್ದು ಮೋಟಾರಿಗೆ ಇಲ್ಲದಿದ್ದರೆ ಚಿಂತೆಯಿಲ್ಲ, ಆದರೆ ಆ ಹೊತ್ತಿನಲ್ಲಿ ಸಾಲಿನ ಮೇಲಿನ ಪೆಟ್ಟಿಗೆ ಮುಟ್ಟಕೂಡದು ಎಂದು ಎಲ್ಲರಿಗೂ ಕಾಣುವಂತೆ ಬರೆದು ಹಾಕಿ.